ದೋಣಿಯಣ್ಣನ ಏಳು ಜಾಗಗಳು

"ಬಿಡಿ ಅತ್ತಿಗೆ, ಪೆಟ್ಟಿಗೆ ಮುಚ್ಚಬೇಕಂತೆ," ಎಂದು ನಾದಿನಿ ತೋಳು ಹಿಡಿದು ಎಳೆದರೂ ಅವಳು ಕದಲಲಿಲ್ಲ. ಗಂಡನ ಅಂಗಿಯ ಕೊರಳಿನ ಗುಂಡಿ ಹಾಕುತ್ತಿದ್ದಳು. ಬದುಕಿದ್ದಾಗ ಆ ಗುಂಡಿಯನ್ನು ಅವನು ಒಂದು ದಿನವೂ ಹಾಕಿದವನಲ್ಲ.

"ಉಸಿರು ಕಟ್ಟುತ್ತೆ ಅಂತಿದ್ದ. ಇವತ್ತು ಏನು ನೆಪ ಹೇಳ್ತಾನೋ ನೋಡೋಣ."

ಅಳುತ್ತಿದ್ದ ನಾದಿನಿಗೆ ನಗು ಬಂದುಬಿಟ್ಟಿತು. ಸೆರಗು ಹುಡುಕದೆ ಕೈಯಿಂದಲೇ ಮೂಗು ಒರೆಸಿಕೊಂಡಳು.

ಕಡಲಿನ ಜೀವಿಗಳನ್ನು ಅಧ್ಯಯನ ಮಾಡುವ ಕೇಂದ್ರದಲ್ಲಿ ನಲವತ್ತು ವರ್ಷ ದೋಣಿ ನಡೆಸಿದ ಅವನು ಊರಿಗೆಲ್ಲ ದೋಣಿಯಣ್ಣ. ಮಣ್ಣು ಮಾಡಿ ಬಂದ ಮೇಲೆ ಕೇಂದ್ರದವರು ಅಂಗಳದಲ್ಲಿ ಟೀ ಹಿಡಿದು ನಿಂತರು. ನಿವೃತ್ತರಾಗಿದ್ದ ದೊಡ್ಡ ಸಾಹೇಬರೂ ಕಪ್ಪು ಕೋಟು ಹಾಕಿಕೊಂಡು ಬಂದಿದ್ದರು. ಅವರನ್ನು ಕಂಡದ್ದೇ ಅವಳ ಮೈಯೆಲ್ಲ ಉರಿಯಿತು. ಹತ್ತಿರ ಬಂದದ್ದು ಮಾತ್ರ ಹೊಸದಾಗಿ ಸೇರಿದ ವಿಜ್ಞಾನಿ ಹುಡುಗಿ.

"ಅಮ್ಮಾ, ಇವತ್ತು ಕೇಳೋ ಮಾತಲ್ಲ ಇದು."

"ಹಾಗಾದ್ರೆ ಕೇಳಬೇಡ."

ಹುಡುಗಿ ತಲೆ ತಗ್ಗಿಸಿದಳೇ ಹೊರತು ಹೋಗಲಿಲ್ಲ. "ಕಡಲಲ್ಲಿ ಕೆಸರು ತೆಗೀತಿದ್ದ ಏಳು ಜಾಗಾನೂ ಸೋಮವಾರ ತೋರಿಸ್ತೀನಿ ಅಂತ ದೋಣಿಯಣ್ಣ ಅಂದಿದ್ರು. ಅವರ ಬಾಟಲಿಗಳ ಮೇಲೆ ಒಂದರಿಂದ ಏಳರವರೆಗೆ ನಂಬರಿದೆ, ತಾರೀಖಿದೆ, ಯಾವ ಪ್ರಾಣಿ ಎಷ್ಟಿತ್ತು ಅಂತಲೂ ಇದೆ. ಎಲ್ಲಿಂದ ತಂದಿದ್ದು ಅನ್ನೋದೇ ಇಲ್ಲ. ಎಲ್ಲದರ ಮೇಲೂ 'ಬಂದರಿನ ಹತ್ತಿರ' ಅಂತ ಟೈಪು ಮಾಡಿದ್ದಾರೆ. ಜಾಗ ಗೊತ್ತಾದ್ರೆ ಅವತ್ತು ಏನಿತ್ತು, ಇವತ್ತು ಏನಿದೆ ಅಂತ ಹೋಲಿಸಬಹುದು. ಇಲ್ಲಾಂದ್ರೆ ಅಷ್ಟೂ ಬರೀ ಗಾಜು."

"ಟೈಪು ಮಾಡಿಸಿದ್ದು ಯಾರು ಅಂತ ಆ ಕಪ್ಪು ಕೋಟನ್ನ ಕೇಳು."

*

ಮದುವೆಯಾದ ಹೊಸದರಲ್ಲಿ ಅವಳೂ ಹತ್ತು ವರ್ಷ ದೋಣಿಯಲ್ಲಿ ಹೋಗುತ್ತಿದ್ದಳು. ಕಡಲತಳದ ಕೆಸರನ್ನು ಬಲೆಚೀಲದಲ್ಲಿ ಬಾಚಿ ಎಳೆಯುವುದು, ಜರಡಿಯಲ್ಲಿ ತೊಳೆಯುವುದು ಅವಳ ಕೆಲಸ. ಆಗ ವಿಜ್ಞಾನಕ್ಕೆ ಹೊಸ ಪ್ರಾಣಿಯದ್ದೇ ಹಸಿವು. ಯಾರೂ ಕಾಣದ್ದೊಂದು ಸಿಕ್ಕರೆ ಸಾಹೇಬರು ಅದಕ್ಕೆ ಬಾಯಲ್ಲಿ ಹಿಡಿಸದಷ್ಟು ಉದ್ದದ ಹೆಸರಿಟ್ಟು, "ಉಳಿದದ್ದು ಕಸ, ಚೆಲ್ಲು" ಎನ್ನುತ್ತಿದ್ದರು.

ಅವನು ಎಣಿಸಿಯೇ ಚೆಲ್ಲುತ್ತಿದ್ದ. "ಕಸ ಅನ್ನೋಕೂ ಎಷ್ಟಿದೆ ಅಂತ ಗೊತ್ತಿರಬೇಕಲ್ವೇನೆ?"

ಸ್ವಲ್ಪವನ್ನು ಬಾಟಲಿಗೆ ಹಾಕಿ, ಒಳಗೊಂದು ಚೀಟಿ ಇಡುತ್ತಿದ್ದ. ಮದ್ಯಸಾರದಲ್ಲಿ ಶಾಯಿ ಕದಡುತ್ತದೆಂದು ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದ: "ಗಿರಣಿ ಚಿಮಣಿ ಗಡಿಯಾರ ಗೋಪುರದ ಹಿಂದೆ. ದೀಪಸ್ತಂಭ ಬಂಡೆಯ ತುದಿಗೆ." ದೋಣಿಯಿಂದ ದಡ ನೋಡಿದರೆ ಎರಡು ಗುರುತೂ ಒಟ್ಟಿಗೆ ಹಾಗೆ ಕಾಣುವ ಜಾಗ ಕಡಲಿನಲ್ಲಿ ಒಂದೇ. ತಿಂಗಳು ತಿಂಗಳೂ ಅದೇ ಏಳು ಜಾಗ.

ಸಾಹೇಬರು ಒಮ್ಮೆ ಚೀಟಿ ಓದಿ, "ನೆಂಟರ ಮನೆಗೆ ದಾರಿ ಹೇಳಿದ ಹಾಗಿದೆಯಲ್ಲಯ್ಯಾ" ಎಂದು ನಕ್ಕು ಎಲ್ಲ ಚೀಟಿಗಳನ್ನೂ ತೆಗೆಸಿಹಾಕಿದರು. ಅವನು ಅಂದು ಊಟಕ್ಕೆ ಕೂತವನು ತಟ್ಟೆಯಲ್ಲಿ ಕೈಯಾಡಿಸಿ ಎದ್ದುಹೋಗಿದ್ದ.

*

ಸಾಹೇಬರು ಟೀ ಲೋಟ ಕೆಳಗಿಟ್ಟರು. "ನಾನೇ ಮಾಡಿಸಿದ್ದು. ಹೆಸರಿಟ್ಟರೆ ನಮ್ಮ ಕೆಲಸ ಮುಗೀತು ಅಂದ್ಕೊಂಡಿದ್ದೆ. ಅವನು ಎಣಿಸ್ತಿದ್ದ. ಈಗ ಎಲ್ಲರೂ ಅದನ್ನೇ ಮಾಡ್ತಿದ್ದಾರೆ."

"ಇದನ್ನ ಅವನಿಗೆ ಹೇಳಿದ್ರಾ?"

"ಇಲ್ಲಮ್ಮ. ಬಾಯಿ ಬರಲಿಲ್ಲ."

ಬೈಗುಳ ಅವಳ ನಾಲಗೆಯ ತುದಿಗೆ ಬಂದಿತ್ತು. ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಈಗ ಆ ಜಾಗಗಳ ಬಗ್ಗೆ ಬಾಯಿ ಬಿಡದಿದ್ದರೆ, ಗಂಡನ ಮೇಲೆ ತಾನೇ 'ಬಂದರಿನ ಹತ್ತಿರ' ಎಂದು ಟೈಪು ಮಾಡಿದಂತೆ. ಬಾಯಿ ಬಿಟ್ಟರೂ, ನೆನಪಿದೆಯೇ? ದೋಣಿ ಹತ್ತುವುದು ಬಿಟ್ಟು ಮೂವತ್ತು ವರ್ಷವಾಗಿತ್ತು. ಚಿಮಣಿಯನ್ನು ಕೆಡವಿಯೇ ಹತ್ತು ವರ್ಷ.

"ನಡೀರಿ, ನೀರು ಇಳಿದಿರೋ ಹೊತ್ತು," ಎಂದಳು.

"ಇವತ್ತೇನಾ ಅತ್ತಿಗೆ? ಹುಟ್ಟು ಹಾಕೋರು ಯಾರು?"

ಅವಳು ಸಾಹೇಬರತ್ತ ನೋಡಿದಳು.

ಹುಟ್ಟು ಮುಟ್ಟಿಯೇ ಗೊತ್ತಿಲ್ಲದ ಸಾಹೇಬರ ಕೈಯಲ್ಲಿ ದೋಣಿ ನಿಂತಲ್ಲೇ ಗಿರಗಿರ ಸುತ್ತಿತು.

"ಹಿಟ್ಟು ಕಲಸ್ತಿದ್ದೀರಾ ಸಾಹೇಬರೆ? ಎರಡೂ ಕೈ ಒಟ್ಟಿಗೆ ಎಳೀರಿ."

ಬೊಬ್ಬೆ ಬಂದ ಅಂಗೈಗೆ ಉಫ್ ಎಂದು ಊದಿಕೊಂಡು ಅವರು ಎಳೆದರು. ಅವಳು ನಿಂತು ದಡದ ಕಡೆ ಕಣ್ಣು ಕಿರಿದು ಮಾಡಿದಳು. "ಆ ಎರಡು ಹೊಸ ಕಟ್ಟಡದ ನಡುವೆ ಆಕಾಶ ಕಾಣುತ್ತಲ್ಲ, ಚಿಮಣಿ ಇದ್ದದ್ದು ಅಲ್ಲಿ. ಗಡಿಯಾರ ಗೋಪುರ ಅದರ ಮುಂದೆ ಬರಬೇಕು, ದೀಪಸ್ತಂಭ ಬಂಡೆಯ ತುದಿಗೆ. ಎಡಕ್ಕೆ. ಇನ್ನೂ ಸ್ವಲ್ಪ. ಸಾಕು."

"ಇದು ಎಷ್ಟನೇ ಜಾಗ?" ಎಂದಳು ಹುಡುಗಿ.

"ನಾಲ್ಕು. ನೀರು ಇಳಿದಾಗ ಹನ್ನೊಂದು ಮಾರು ಆಳ. ಹೆಚ್ಚುಕಮ್ಮಿ ಬಂತೋ, ನಾನು ಮರೆತಿದ್ದೀನಿ ಅಂತಲೇ ಲೆಕ್ಕ."

ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು, ತೋಳಗಲ ಚಾಚಿ ಚಾಚಿ ಅಳೆಯತೊಡಗಿದಳು. ಎಂಟಾಯಿತು. ಒಂಬತ್ತಾಯಿತು. ಸಾಹೇಬರು ಹುಟ್ಟು ನಿಲ್ಲಿಸಿದರು. ಹತ್ತಾದರೂ ಗುಂಡು ಕೆಳಗೆ ಜಗ್ಗುತ್ತಲೇ ಇತ್ತು. ಹನ್ನೊಂದಕ್ಕೆ ಅವಳು ಎರಡೂ ತೋಳುಗಳನ್ನು ಪೂರ್ತಿ ಚಾಚಿದಳು.

ಗುಂಡು ತಳ ಮುಟ್ಟಿ, ಬೆರಳುಗಳ ನಡುವೆ ಹಗ್ಗ ಸಡಿಲಾಯಿತು.

ಚಾಚಿದ ತೋಳುಗಳನ್ನು ಇಳಿಸದೆ, ಓಲಾಡುವ ದೋಣಿಯಲ್ಲಿ ಅವಳು ಹಾಗೇ ನಿಂತಿದ್ದಳು.