ಮಿಂಚುವ ಪರದೆಯಲ್ಲಿ ಶಂಖದ ಬಣ್ಣ

ನನ್ನ ತಂಗಿ ವೆರ್ಲಿನ್ ಪ್ರಕಾರ ಲ್ಯಾಪ್‌ಟಾಪಿನ ಹೊಳಪಿಲ್ಲದ ಮ್ಯಾಟ್ ಪರದೆಯೆಂದರೆ ಹಿಟ್ಟು ಉದುರಿಸಿದ ಕನ್ನಡಿ. "ಅದ್ರಲ್ಲಿ ಕಪ್ಪು ಕಪ್ಪಾಗಿರಲ್ಲ, ಕೆಂಪು ಕೆಂಪಾಗಿರಲ್ಲ. ಎಲ್ಲಾ ಬಣ್ಣಕ್ಕೂ ಜ್ವರ ಬಂದು ಮಲಗಿದಂಗಿರುತ್ತೆ" ಎನ್ನುತ್ತಾಳೆ. ನಮ್ಮ ಚಿಕ್ಕಮ್ಮ ಟ್ಯಾಂಟಿ ಯೂಲಾಳ ಮಗ ಕೆರ್ವಿನ್ ಪ್ರಕಾರ ಮಿಂಚುವ ಗ್ಲಾಸಿ ಪರದೆಯೆಂದರೆ ಸಾಲ ಕೇಳಲು ಬಂದ ನೆಂಟ: ಎಲ್ಲವನ್ನೂ ಚಂದ ಚಂದ ಎನ್ನುತ್ತದೆ, ಒಂದನ್ನೂ ನಂಬುವಂತಿಲ್ಲ. ಕಾರ್ನಿವಲ್ ಹಬ್ಬದ ಮೆರವಣಿಗೆಯಲ್ಲಿ ವೇಷ ತೊಟ್ಟು ಕುಣಿಯುವ ಟ್ಯಾಂಟಿಯ ಬ್ಯಾಂಡಿಗೆ ಇವರಿಬ್ಬರೂ ಲ್ಯಾಪ್‌ಟಾಪಿನಲ್ಲಿ ವೇಷ ಬಿಡಿಸುತ್ತಾರೆ. ಬಿಡಿಸಿದ್ದನ್ನು ಹೊಲಿಸುವವಳು ನಾನು, ಐವಾ. ಬಣ್ಣ ತಪ್ಪಿದರೆ ವೇಷ ತೊಡಲು ಹೆಸರು ಬರೆಸಿದ ಹೆಂಗಸರು ಬೈಯುವುದು ಪರದೆಯನ್ನಲ್ಲ, ನನ್ನನ್ನು. ಆದ್ದರಿಂದ ಈ ಜಗಳದಲ್ಲಿ ನನಗೆ ಯಾವ ಪಕ್ಷವೂ ಇರಲಿಲ್ಲ. ಇದ್ದದ್ದು ತಲೆನೋವು ಮಾತ್ರ.

ಈ ವರ್ಷ ನಮ್ಮ ಬ್ಯಾಂಡಿನ ವಿಷಯ ಕಡಲ ತಳದ ಸಂತೆ. ಕೆರ್ವಿನ್‌ಗೆ ಏಡಿ ಮತ್ತು ಸೀಗಡಿ, ವೆರ್ಲಿನ್‌ಗೆ ಶಂಖ. ನಮ್ಮ ಕಡಲಿನ ಶಂಖದ ಬಾಯಿಯ ಒಳಗೆ ಒಂದು ಬೆಚ್ಚನೆಯ ಗುಲಾಬಿ ಬಣ್ಣ ಇರುತ್ತದಲ್ಲ, ಅದನ್ನೇ ಬಟ್ಟೆಯ ಮೇಲೆ ತರುತ್ತೇನೆಂದು ವೆರ್ಲಿನ್ ಎಲ್ಲರೆದುರು ಹೇಳಿಕೊಂಡಿದ್ದಳು. ಮುದ್ರಣದವರಿಂದ ಮೊದಲ ಮಾದರಿ ಬಟ್ಟೆ ಬಂತು. ಬಿಚ್ಚಿ ನೋಡಿದರೆ ಹಲ್ಲು ಕೀಳಿಸಿಕೊಂಡು ಬಂದವರ ವಸಡಿನ ಬಣ್ಣ. ಮುದ್ರಣದವರೇ ಕೆಡಿಸಿರಬೇಕೆಂದು ಇನ್ನೊಮ್ಮೆ ಕಳಿಸಿದೆವು. ಎರಡನೆಯದು ಇನ್ನೂ ನೀಲಿಗಟ್ಟಿಕೊಂಡು ಬಂತು.

"ಮುದ್ರಣದೋರದ್ದೇ ತಪ್ಪು" ಎಂದಳು ವೆರ್ಲಿನ್.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದ ಕೆರ್ವಿನ್. "ನನ್ನ ಏಡಿಗಳೂ ಅಲ್ಲೇ ಮುದ್ರಣ ಆಗಿದ್ದು. ಈಗ್ಲೇ ಬೇಯಿಸಿ ತಿನ್ನಬೋದು, ಹಂಗಿವೆ."

ಟ್ಯಾಂಟಿ ಯೂಲಾ ಮಾಬಿ ಪಾನಕದ ಲೋಟ ಕೆಳಗಿಟ್ಟಳು. ಅವಳು ಲೋಟ ಕೆಳಗಿಟ್ಟಳೆಂದರೆ ತೀರ್ಪು ಬಂತೆಂದೇ ಅರ್ಥ. "ಮೂರ್ನೇ ಸಲಾನೂ ಇದೇ ಹಣೆಬರಹ ಆದ್ರೆ ಶಂಖಾನೂ ಕೆರ್ವಿನ್‌ಗೆ. ಮುಂದಿನ ವರ್ಷದಿಂದ ಬಿಡಿಸೋದೂ ಅವನೇ. ನೀನು ಗರಿ ಅಂಟಿಸೋರ ಜೊತೆ ಕೂತ್ಕೊ ಮಗಳೇ."

ಲಂಗ ಹಾಕುವ ಕಾಲದಿಂದ ಟ್ಯಾಂಟಿಯ ಮನೆಯ ಕೆಳಗಿನ ವೇಷ ತಯಾರಾಗುವ ಈ ಮಾಸ್ ಕ್ಯಾಂಪಿನಲ್ಲೇ ಚಿತ್ರ ಬಿಡಿಸುತ್ತಾ ಬೆಳೆದವಳು ವೆರ್ಲಿನ್. ವರ್ಷವಿಡೀ ಬ್ಯಾಂಕಿನಲ್ಲಿ ಅಂಚೆ ಚೀಟಿಯ ಹಾಗೆ ಚಪ್ಪಟೆಯಾಗಿ ಕೂತಿರುವವಳು, ಕ್ರಿಸ್‌ಮಸ್ ಕಳೆದು ಇಲ್ಲಿಗೆ ಬಂದರೆ ಮಾತ್ರ ಮನುಷ್ಯಳಾಗುತ್ತಾಳೆ. ನನಗೆ ಪಾಪ ಅನ್ನಿಸಿತು. ಸಿಟ್ಟೂ ಬಂತು, ಏಕೆಂದರೆ ಅವಳು ಆ ಮಿಂಚುವ ಪರದೆಯನ್ನು ಬಿಡದೆ ಇರುವುದು ತನ್ನ ತುಟಿಯ ಬಣ್ಣ ನೋಡಿಕೊಳ್ಳುವುದಕ್ಕೇ ಎಂದು ನಾನು ಖಚಿತವಾಗಿ ನಂಬಿದ್ದೆ. ಕೆಲಸದ ಮಧ್ಯೆ ಪರದೆ ನೋಡುತ್ತಾ ಒಬ್ಬಳೇ ನಗುವುದನ್ನು ಎಷ್ಟು ಸಲ ನೋಡಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಂಟಿ ಕ್ಯಾರನೇಜಿನ ಮೀನುಗಾರನೊಬ್ಬನಿಂದ ನಿಜವಾದ ಶಂಖವನ್ನೇ ತರಿಸಿದಳು. ವೆರ್ಲಿನ್ ಕೂರುವ ಕುರ್ಚಿಯಲ್ಲಿ ತಾನೇ ಕೂತು, ಶಂಖವನ್ನು ಪರದೆಯ ಪಕ್ಕ ಹಿಡಿದಳು. ಕಡುಕಪ್ಪು ಕಡಲಿನ ನಡುವೆ ವೆರ್ಲಿನ್ ಬಿಡಿಸಿದ್ದ ಶಂಖ; ಎರಡೂ ಒಂದೇ ತಾಯಿಯ ಮಕ್ಕಳಂತಿದ್ದವು. ಅದೇ ಚಿತ್ರವನ್ನು ಕೆರ್ವಿನ್ ತನ್ನ ಮ್ಯಾಟ್ ಪರದೆಯಲ್ಲಿ ತೆರೆದ. ಅಲ್ಲಿ ಅದೇ ಊದಿದ ವಸಡು.

"ನೋಡು, ನಿನ್ನ ಪರದೆ ಸುಳ್ಳು ಹೇಳುತ್ತೆ" ಎಂದ ಕೆರ್ವಿನ್.

"ನಿಂದಕ್ಕೆ ಕಣ್ಣಿನ ಪೊರೆ ಬಂದಿದೆ" ಎಂದಳು ವೆರ್ಲಿನ್.

ಹೀಗೆ ಕಿತ್ತಾಡುತ್ತಿರುವಾಗ ಹಿಂದೆ ಬಾಗಿಲ ಬಳಿಯ ಬೆಂಚಿನಿಂದ ಗಾರ್ನೆಟ್ ಎದ್ದ. ಗಾರ್ನೆಟ್ ನಮ್ಮ ತಂತಿ ಬಗ್ಗಿಸುವವನು. ವೇಷಗಳ ಎಲುಬುಗೂಡೆಲ್ಲ ಅವನ ಕೈಯದೇ. ವಯಸ್ಸು ನಲವತ್ತೈದು ದಾಟಿದರೂ ಮದುವೆಯ ಗೋಜಿಗೆ ಹೋಗಿಲ್ಲ, ಮಾತಿನ ಗೋಜಿಗೂ ಅಷ್ಟಾಗಿ ಹೋಗುವುದಿಲ್ಲ. ನಮ್ಮ ಬ್ಯಾಂಡ್ ಗೆದ್ದ ವರ್ಷ ಹಂಚಲೆಂದು ಮಾಡಿಸಿದ ಕಿತ್ತಳೆ ಬಣ್ಣದ ಟೀ ಶರ್ಟುಗಳನ್ನು ಕಣ್ಣು ಕುಕ್ಕುತ್ತವೆಂದು ಯಾರೂ ತೊಡಲಿಲ್ಲ. ಅವನ್ನು ಪೆಟ್ಟಿಗೆ ಸಮೇತ ಮನೆಗೆ ಒಯ್ದ ಇವನು, ಅದೃಷ್ಟ ಎಂದು ಕಾರ್ನಿವಲ್ ಮುಗಿಯುವ ತನಕ ಬೇರೆ ಅಂಗಿ ಮುಟ್ಟುವುದಿಲ್ಲ.

"ಡಬಲ್ಸ್ ತರೋಕೆ ಹೋಗ್ತಿದೀನಿ. ಖಾರ ಯಾರಿಗೆ ಎಷ್ಟು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಆ ಕಡಲೆ ತುಂಬಿದ ರೊಟ್ಟಿ ತರಲು ಹೊರಗೆ ಹೋದ.

"ಅಯ್ಯೋ" ಎಂದಳು ಟ್ಯಾಂಟಿ. "ಶಂಖ ಸತ್ತೋಯ್ತು."

ಬಗ್ಗಿ ನೋಡಿದೆ. ನಿಜವಾಗಿಯೂ ವೆರ್ಲಿನ್‌ನ ಪರದೆಯಲ್ಲಿ ಗುಲಾಬಿ ಹೋಗಿ ವಸಡು ಬಂದಿತ್ತು. "ಬ್ಯಾಟರಿ ಕಡಿಮೆ ಇರ್ಬೇಕು" ಎಂದು ವೆರ್ಲಿನ್ ಗಡಿಬಿಡಿಯಲ್ಲಿ ವೈರು ಹುಡುಕಲು ಮೇಜಿನ ಕೆಳಗೆ ತೂರಿದಳು. ಸ್ವಲ್ಪ ಹೊತ್ತಿಗೆ ಗಾರ್ನೆಟ್ ಡಬಲ್ಸಿನ ಕಾಗದದ ಚೀಲ ಹಿಡಿದು ಬಂದು, ಬಿಸಿಲು ಬೀಳುವ ತನ್ನ ಬೆಂಚಿನ ಮೇಲೆ ಕೂತ.

"ಬದುಕಿ ಬಂತು ನೋಡೇ" ಎಂದಳು ಟ್ಯಾಂಟಿ.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. "ಗಾರ್ನೆಟ್, ಏಳಪ್ಪ" ಎಂದಳು ಟ್ಯಾಂಟಿ. ಎದ್ದ, ಶಂಖ ಸತ್ತಿತು. "ಕೂತ್ಕೊ." ಬದುಕಿತು. "ಎಡಕ್ಕೆ ಸರಿ. ಇನ್ನೂ ಸ್ವಲ್ಪ." ಶಂಖದ ಬಲಗೆನ್ನೆ ಮಾತ್ರ ಸತ್ತಿತು. ಕೈಯಲ್ಲಿ ಅರ್ಧ ತಿಂದ ಡಬಲ್ಸ್, ಗಲ್ಲಕ್ಕೆ ಹತ್ತಿದ ಕಡಲೆ. ಆ ಮನುಷ್ಯ ಏಕೆ ಎಂದು ಒಂದು ಮಾತು ಕೇಳದೆ ಏಳುತ್ತಾ ಕೂರುತ್ತಾ ಇದ್ದ. ಗರಿ ಅಂಟಿಸುವವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು.

"ಅಂಗಿ ತೆಗಿ" ಎಂದಳು ಟ್ಯಾಂಟಿ.

"ಟ್ಯಾಂಟಿ, ಬೇಡ" ಎಂದಳು ಮೇಜಿನ ಕೆಳಗಿಂದ ವೆರ್ಲಿನ್.

ಗಾರ್ನೆಟ್ ಅಂಗಿ ತೆಗೆದ. ಕಿತ್ತಳೆ ಹೋಯಿತು, ಗುಲಾಬಿಯೂ ಹೋಯಿತು. ಕಪ್ಪು ಕಡಲಿನ ನಡುವೆ, ಶಂಖದ ಬಾಯಿ ಇದ್ದ ಜಾಗದಲ್ಲಿ, ಒಂದು ಹೊಕ್ಕುಳು ಸ್ಪಷ್ಟವಾಗಿ ಮೂಡಿತು.

"ಅರ್ಥ ಆಯ್ತಾ?" ಎಂದ ಕೆರ್ವಿನ್, ಪರೀಕ್ಷೆ ಪಾಸಾದವನ ಮುಖ ಮಾಡಿ. "ಗ್ಲಾಸಿ ಪರದೆ ಕೂತೋರ ಹಿಂದಿರೋದನ್ನೆಲ್ಲ ಎತ್ಕೊಂಡು ತೋರ್ಸುತ್ತೆ. ಇವನ ಅಂಗಿ ಕಿತ್ತಳೆ ಶಂಖದ ಮೇಲೆ ಬಿದ್ದು ಇವಳಿಗೆ ಗುಲಾಬಿ ಬೆಚ್ಚಗೆ ಕಂಡಿದೆ. ಚಿತ್ರದಲ್ಲಿ ಆ ಕಿತ್ತಳೆನೇ ಇಲ್ಲ. ಮುದ್ರಣಕ್ಕೆ ಹೋಗಿದ್ದು ಚಿತ್ರ. ಗಾರ್ನೆಟ್ ಹೋಗಿಲ್ಲ."

ಎಲ್ಲರೂ ತಲೆಯಾಡಿಸಿದರು. ಟ್ಯಾಂಟಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಪರದೆ ನೋಡಿದಳು, ತಿರುಗಿ ಬೆಂಚು ನೋಡಿದಳು, ಮತ್ತೆ ಪರದೆ ನೋಡಿದಳು.

"ವೆರ್ಲಿನ್, ಈ ಮೇಜು ಮುಂಚೆ ಕಿಟಕಿ ಹತ್ರ ಇತ್ತಲ್ಲ? ಇಲ್ಲಿಗ್ಯಾಕೆ ತಂದೆ?"

"ಬೆಳಕಿಗೆ."

"ಬೆಳಕು ಕಿಟಕಿ ಹತ್ರ ಇದೆ. ಇಲ್ಲಿರೋದು ಗಾರ್ನೆಟ್. ಅದೂ ನಟ್ಟ ನಡುವೆ, ಚೌಕಟ್ಟು ಹಾಕ್ಸಿದ ಫೋಟೋ ಥರ."

ಗರಿ ಅಂಟಿಸುವ ಹೆಂಗಸರಲ್ಲಿ ಒಬ್ಬಳು ಕೆಮ್ಮಿದಳು. ವೆರ್ಲಿನ್ ಮೇಜಿನ ಕೆಳಗಿಂದ ಹೊರಗೆ ಬರಲೇ ಇಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನಮ್ಮೆಲ್ಲರಿಗೂ ಬೆನ್ನು ಹಾಕಿ ಕೂತು, ಇಡೀ ಕ್ಯಾಂಪಿನ ನಡುವೆ ಈ ಹುಡುಗಿ ಪರದೆಯಲ್ಲಿ ಗಾರ್ನೆಟ್‌ನನ್ನು ಕಣ್ತುಂಬ ನೋಡುತ್ತಿದ್ದಳು. ಲಿಪ್‌ಸ್ಟಿಕ್ಕು ಎಂದುಕೊಂಡಿದ್ದ ನಾನೆಂಥ ಪೆದ್ದಿ. ಆ ಕ್ಷಣ ಅವಳ ಬಗ್ಗೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ನಾನೂ ಹೋಗಿ ಮೇಜಿನ ಕೆಳಗೆ ಕೂತೆ.

"ಕನ್ನಡಿಯೊಳಗಿನ ಗಂಟು ಕಣಕ್ಕಾ" ಎಂದಳು ವೆರ್ಲಿನ್ ಮೆಲ್ಲಗೆ. "ನೋಡ್ಕೊಂಡಾದ್ರೂ ಇದ್ದೆ."

ಕೆರ್ವಿನ್‌ಗೆ ಇಂಥದ್ದೆಲ್ಲ ತಲೆಗೆ ಹೋಗುವುದಿಲ್ಲ. ಎಲ್ಲಿಂದಲೋ ಮ್ಯಾಟ್ ಹಾಳೆಯೊಂದನ್ನು ತಂದು, ಗುಳ್ಳೆ ಬಾರದಂತೆ ಒರೆಸಿ ಒರೆಸಿ ಅವಳ ಪರದೆಗೆ ಅಂಟಿಸಿಯೇ ಬಿಟ್ಟ. ಕಪ್ಪು ಕಡಲು ಮಂಕಾಯಿತು. ಅದರಲ್ಲಿ ಇನ್ನು ಯಾರೂ ಕಾಣುವಂತಿರಲಿಲ್ಲ. ವೆರ್ಲಿನ್ ತುಟಿ ಕಚ್ಚಿಕೊಂಡು ಕೂತು ಬಣ್ಣ ತಿದ್ದಿದಳು, ಮೂರನೆಯ ಮಾದರಿಗೆ ಕಳಿಸಿದಳು. ಅದು ಬಂದ ದಿನ ಟ್ಯಾಂಟಿ ಬಟ್ಟೆಯ ಮೇಲೆ ಶಂಖವನ್ನಿಟ್ಟು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. "ಶಂಖ ನಿಂದೇ ಮಗಳೇ" ಎಂದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ವೆರ್ಲಿನ್ ನಕ್ಕಳು, ಆದರೆ ಅದು ಬ್ಯಾಂಕಿನಲ್ಲಿ ನಗುವ ನಗು.

ಆಗ ಹಿಂದಿನಿಂದ ಗಾರ್ನೆಟ್ ಕೇಳಿದ: "ಬಣ್ಣ ಸರಿಹೋಯ್ತಲ್ಲ. ಇನ್ನು ಆ ಹಾಳೆ ಕಿತ್ತು ಹಾಕ್ಬೋದಾ?"

"ಯಾಕೋ?" ಎಂದಳು ಟ್ಯಾಂಟಿ.

ಗಾರ್ನೆಟ್ ಕೈಯಲ್ಲಿದ್ದ ತಂತಿಯನ್ನು ಒಂದು ಸುತ್ತು ಸುತ್ತಿದ. "ಮುಂಚೆ ಅದ್ರಲ್ಲಿ ಅವಳ ಮುಖ ಕಾಣ್ತಿತ್ತು. ಈಗ ಬರೀ ಬೆನ್ನು."

ಇವಳಿಗೆ ಅವನು ಕಂಡರೆ ಅವನಿಗೂ ಇವಳು ಕಾಣಬೇಕಲ್ಲವೇ? ಅಷ್ಟು ಸಣ್ಣ ಸಂಗತಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಓದಿಕೊಂಡ ಕೆರ್ವಿನ್‌ಗೂ.

"ಮುಖ ನೋಡ್ಬೇಕಂದ್ರೆ ಎದುರುಗಡೆ ಬಂದು ಕೂತ್ಕೊಳೋ ದಡ್ಡ" ಎಂದಳು ಟ್ಯಾಂಟಿ ಯೂಲಾ. "ಲ್ಯಾಪ್‌ಟಾಪಿನ ಕೈಲಿ ಯಾಕೆ ದಲ್ಲಾಳಿ ಕೆಲ್ಸ ಮಾಡಿಸ್ತೀರಾ?"

ಗಾರ್ನೆಟ್ ಬೆಂಚನ್ನು ಎತ್ತಿ, ತಂತಿ ಇಕ್ಕಳಗಳ ಸಮೇತ ಅವಳ ಮೇಜಿನ ಎದುರಿಗೆ ತಂದಿಟ್ಟು ಕೂತ. ವೆರ್ಲಿನ್ ಲ್ಯಾಪ್‌ಟಾಪಿನ ಮುಚ್ಚಳವನ್ನು ಒಂದಿಷ್ಟು ಕೆಳಗೆ ಬಗ್ಗಿಸಿದಳು, ಅವನು ಕಾಣುವಷ್ಟು.

ಈ ವರ್ಷ ನಮ್ಮ ಶಂಖಗಳ ಬಣ್ಣಕ್ಕೆ ಯಾರೂ ಹೆಸರಿಡಲಿಲ್ಲ. ಆದರೆ ಕೈಯ ಕೆಲಸದ ಮೇಲೆ ಕಣ್ಣಿಲ್ಲದವನು ಬಗ್ಗಿಸಿದ ತಂತಿ ಹೇಗಿರುತ್ತದೆ? ಅರ್ಧ ಶಂಖಗಳ ಸುರುಳಿ ಬಲಕ್ಕೆ, ಅರ್ಧದ್ದು ಎಡಕ್ಕೆ. ಹೆಂಗಸರು ಸಾಲಾಗಿ ಬಂದು ಎಂದಿನಂತೆ ನನ್ನನ್ನೇ ಬೈದರು. ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು, ಸಂತೋಷವಾಗಿ ಬೈಸಿಕೊಂಡೆ.