ಬೇಲಿಯೊಳಗೆ ಆಡದ ಮಾತು

“ಕುಟ್ಟು, ಇನ್ನೂ ಕುಟ್ಟು,” ಎಂದು ಪಿಟ್ಸೊ ಪಕ್ಕದವನ ಕೈಗೆ ಒನಕೆ ದಾಟಿಸಿದ. ಮೂರು ಕಾಲಿನ ಕಬ್ಬಿಣದ ಹಂಡೆಯಲ್ಲಿ ಸಾವಿನ ಮನೆಯ ಎತ್ತಿನ ಮಾಂಸ ಬರೀ ಉಪ್ಪುನೀರಿನಲ್ಲಿ ರಾತ್ರಿಯೆಲ್ಲ ಬೆಂದಿತ್ತು. ಅದನ್ನು ಎಳೆಎಳೆಯಾಗುವಂತೆ ಕುಟ್ಟುವುದು ಗಂಡಸರ ಕೆಲಸ. “ಓತ್ಸಿಲೆ ಬಾಯಿಂದ ಒಂದು ಮಾತು ಹೊರಡಿಸೋಕೆ ಇದಕ್ಕಿಂತ ಜಾಸ್ತಿ ಕುಟ್ಟಬೇಕಿತ್ತು ಮಾರಾಯ.”

ಸುತ್ತ ಇದ್ದವರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅಂಗಳದ ಮುಂದೆ ನಿಂತ ಗಾಡಿಯಿಂದ ಸತ್ತ ಓತ್ಸಿಲೆಯ ಅಕ್ಕ ಕೆಬೋನೆ ಇಳಿಯುತ್ತಿದ್ದಳು. ಸೂರ್ಯ ಇನ್ನೂ ಮುಳ್ಳುಮರಗಳ ಕೆಳಗಿದ್ದ. ಅವಳು ಯಾರ ಮುಖವನ್ನೂ ನೋಡದೆ ಒಳಗೆ ನಡೆದಳು. ನೆಲದ ಹಾಸಿಗೆಯ ಮೇಲೆ ಓತ್ಸಿಲೆಯ ಹೆಂಡತಿ ಬೊನ್ತ್ಲೆ ಕಪ್ಪು ಹೊದಿಕೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ.

“ಬಂದ್ರಲ್ಲ ಅತ್ತಿಗೆ.”

“ತಮ್ಮ ಸತ್ತರೆ ಬರದೆ ಇರ್ತಾರೇನೆ?”

“ಇದ್ದಾಗ ಬರಲಿಲ್ಲವಲ್ಲ.”

ಕೆಬೋನೆ ಹಾಸಿಗೆಯ ಅಂಚಿನಲ್ಲಿ ಕೂತಳು. “ಮಣ್ಣು ಹಾಕೋಕೆ ಬಂದೆ. ಕುಲದ ಮಾತು ಮಾತ್ರ ನನ್ನಿಂದ ಆಗಲ್ಲ. ಕೇಳಬೇಡ.”

“ಹಂಗಾದ್ರೆ ಅವರು ಹೆಸರಿಲ್ಲದೆ ಹೋಗ್ತಾರೆ,” ಎಂದಳು ಬೊನ್ತ್ಲೆ.

ಅವರದು ಸಿಂಹದ ಕುಲ. ಸಿಂಹವನ್ನು ಕೊಲ್ಲುವಂತಿಲ್ಲ, ಅದರ ತೊಗಲನ್ನೂ ತುಳಿಯುವಂತಿಲ್ಲ. ಕುಲದವರೊಬ್ಬರು ಮಣ್ಣಿಗಿಳಿಯುವಾಗ ಮನೆಯ ಹಿರಿಯರು ಕುಲದ ಹೊಗಳಿಕೆಯನ್ನು ಎತ್ತಿದ ದನಿಯಲ್ಲಿ ಹೇಳಬೇಕು. ಬರುತ್ತಿರುವವರು ಯಾರೆಂಬುದು ಕೆಳಗೆ ಮಲಗಿರುವ ಹಿರೀಕರಿಗೆ ತಿಳಿಯುವುದು ಅದರಿಂದಲೇ. ಅಪ್ಪ ಅದನ್ನು ತನ್ನ ಇಬ್ಬರು ಮಕ್ಕಳಿಗೆ ಕಲಿಸಿದ್ದ. ಒಬ್ಬ ಈಗ ಪೆಟ್ಟಿಗೆಯೊಳಗಿದ್ದ.

*

ಓತ್ಸಿಲೆ ಸಿಂಹ ಸಾಕುವ ಫಾರ್ಮಿಗೆ ಸೇರಿದಾಗ ಊರೆಲ್ಲ ಹೇಳಿಕೊಂಡು ತಿರುಗಿದವಳು ಕೆಬೋನೆಯೇ. “ನಮ್ಮ ತಮ್ಮ ಕುಲದವರನ್ನೇ ಮಡಿಲಲ್ಲಿ ಹಾಕ್ಕೊಂಡು ಹಾಲು ಕುಡಿಸ್ತಾನೆ,” ಎನ್ನುತ್ತಿದ್ದಳು. ಕಣ್ಣು ಬಿಡುವ ಮುನ್ನವೇ ತಾಯಿಯಿಂದ ಬಿಡಿಸಿ ತಂದ ಮರಿಗಳು ಅವು. ಸೀಸೆ ಹಿಡಿದು ಕೂತ ಅವನಿಗೆ ಅವುಗಳೊಡನೆ ಏನು ಮಾತಾಡುವುದೆಂದು ತಿಳಿಯದೆ ಅಪ್ಪ ಕಲಿಸಿದ್ದನ್ನೇ ಹೇಳತೊಡಗಿದ:

ಒಣಹುಲ್ಲಿನ ಬಣ್ಣದವನೇ, ಬಯಲಿನ ಒಡೆಯನೇ,
ನಿನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಡದವರು ನಾವು.
ನೀನು ಕೆಮ್ಮಿದರೆ ಕತ್ತಲು ಸರಿದು ಕೂರುತ್ತದೆ.
ಬಾ, ಕರೆಯುತ್ತಿರುವವರು ನಿನ್ನ ಮನೆಯವರು.

ಮರಿಗಳು ಬೆಳೆದು ಕೇಸರ ಹೊತ್ತವು. ಬೆಳಗ್ಗೆ ಮಾಂಸದ ಬಕೆಟ್ಟು ಹಿಡಿದು ಅವನು ಮೊದಲ ಸಾಲು ಎತ್ತಿದರೆ ಸಾಕು, ಎಲ್ಲಿದ್ದರೂ ಬರುತ್ತಿದ್ದವು.

ಒಂದು ದಿನ ಅವುಗಳಲ್ಲಿ ಎಲ್ಲಕ್ಕೂ ದೊಡ್ಡದನ್ನು ದೊಡ್ಡ ಬೇಲಿಗೆ ಬಿಟ್ಟರು. ಕಡಲಾಚೆಯಿಂದ ಒಬ್ಬ ಅತಿಥಿ ಬಂದಿದ್ದ. ಸಿಂಹ ಪೊದೆ ಬಿಟ್ಟು ಕದಲಲಿಲ್ಲ. ಯಜಮಾನ ಹೆನ್ನಿ ಓತ್ಸಿಲೆಯನ್ನು ಕರೆಸಿದ. “ಡಾಕ್ಟರು ಮದ್ದಿನ ಸೂಜಿ ಹೊಡೀಬೇಕು, ಅದನ್ನ ಬೇರೆ ಕಡೆ ಸಾಗಿಸ್ತೀವಿ. ಒಂದು ಸಲ ಕರಿ.”

ಓತ್ಸಿಲೆ ಕರೆದ. ಕೇಸರಕ್ಕೆ ಹುಲ್ಲುಕಡ್ಡಿ ಅಂಟಿಸಿಕೊಂಡು ಅದು ಬಂತು. ಬಂದು ಅವನೆದುರು ಕೂತು, ಬಕೆಟ್ಟು ಎಲ್ಲಿ ಎಂಬಂತೆ ಅವನ ಕೈಗಳನ್ನು ನೋಡಿತು. ಅತಿಥಿ ಸಿಂಹ ಹೊಡೆಯಲು ದುಡ್ಡು ತೆತ್ತು ಬಂದವನು; ಗಾಡಿಯ ಮೇಲೆ ಅವನ ಕೈಯಲ್ಲಿದ್ದದ್ದು ಸೂಜಿಯ ಕೋವಿಯಾಗಿರಲಿಲ್ಲ.

ಮುಂದಿನ ಭಾನುವಾರ ಅವನು ಅಕ್ಕನ ಮನೆಯ ಗೇಟಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತು ಎಲ್ಲವನ್ನೂ ಹೇಳಿದ.

“ಯಾವ ಮಾತಲ್ಲಿ ಕರೆದೆ?” ಕೆಬೋನೆ ಕೇಳಿದಳು.

“ಅದಕ್ಕೆ ಗೊತ್ತಿದ್ದದ್ದು ಅದೊಂದೇ ಮಾತು ಅಕ್ಕ.”

“ಓಡೋ ಪ್ರಾಣೀನ ಅಟ್ಟಿಸ್ಕೊಂಡು ಹೋಗಿ ಹೊಡೆಯೋರು ನಮ್ಮಲ್ಲೂ ಇದ್ರು. ಓಡೋಕೆ ಜಾಗ ಇಲ್ಲದ್ದನ್ನ, ಅದೂ ಮನೆಯವರು ಅಂತ ಹೇಳಿ ಕರೆದು ಕೊಲ್ಲಿಸಿದೋರು ಯಾರೂ ಇರಲಿಲ್ಲ.”

ಗೇಟು ಮುಚ್ಚಿದಳು. ಆಮೇಲೆ ಅವನಿಗಾಗಿ ಅದನ್ನು ತೆರೆಯಲೇ ಇಲ್ಲ.

*

ಪೆಟ್ಟಿಗೆ ಹೊರಟಿತು. ಜನ ಕೀರ್ತನೆ ಹಾಡುತ್ತ ಹಿಂದೆ ನಡೆದರು. ಫಾರ್ಮಿನ ಕೂಲಿಯವರ ಸಮಾಧಿಗಳಿರುವುದು ದೊಡ್ಡ ಬೇಲಿಯ ಪಕ್ಕದಲ್ಲೇ. ಸಮಾಧಿಗಳು ಮೊದಲಿನವು, ಬೇಲಿ ಆಮೇಲಿನದು. ಫಾರ್ಮಿನಲ್ಲಿ ಓತ್ಸಿಲೆಯ ಜೊತೆ ದುಡಿಯುತ್ತಿದ್ದ ಪಿಟ್ಸೊ ಹೆಜ್ಜೆ ಹಾಕಿ ಕೆಬೋನೆಯ ಸಮಕ್ಕೆ ಬಂದ.

“ಅಕ್ಕ, ಒಂದು ಮಾತು ಹೇಳ್ತೀನಿ. ಕೋಪ ಮಾಡ್ಕೋಬೇಡಿ.”

“ಹೇಳು. ನಿನ್ನ ಬಾಯಿ ಮುಚ್ಚಿಸೋಕೆ ನಿಮ್ಮಮ್ಮನ ಕೈಲೇ ಆಗಲಿಲ್ಲ.”

“ಆವತ್ತಿಂದ ಅಣ್ಣ ಬೇಲಿ ಒಳಗೆ ಬಾಯಿ ಬಿಟ್ಟಿಲ್ಲ. ನನ್ನ ಹತ್ರ ನೀರು ಕೇಳೋಕೂ ಕೈಸನ್ನೆ. ಯಜಮಾನ ‘ಕರಿ’ ಅಂದ, ಬೈದ, ಅತಿಥಿಗಳ ಎದುರಿಗೇ ಕೈ ಮುಗಿದ. ಅಣ್ಣ ಕಂಬದ ಹಂಗೆ ನಿಂತಿದ್ದ. ಕೊನೆಗೆ ಮಾಂಸ ಹಾಕೋ ಕೆಲಸ ಕಿತ್ಕೊಂಡು ತಂತಿ ಬಿಗಿಯೋಕೆ ಹಾಕಿದ್ರು.”

“ಬಿಟ್ಟು ಬರಬೇಕಿತ್ತು.”

“ಎಲ್ಲಿಗೆ ಅಕ್ಕ? ಇರೋ ಮನೆ ಅವರದು. ನಾನೂ ಅಲ್ಲೇ ಇದೀನಲ್ಲ.”

ಕೆಬೋನೆ ಬೇಲಿಯ ತಂತಿಯತ್ತ ನೋಡಿದಳು. “ಇವನು ಬಾಯಿ ಮುಚ್ಚಿದ್ದಕ್ಕೆ ಸಿಂಹ ಉಳೀತಾ?”

“ಇಲ್ಲ. ಈಗ ಕತ್ತೆ ಮಾಂಸ ಕಟ್ಟಿ ಹೊರಗೆ ತರ್ತಾರೆ. ಸಾಯೋದು ಎಲ್ಲಿ ನಿಲ್ಲುತ್ತೆ? ಆದ್ರೆ ಆಮೇಲೆ ಆ ಮಾತು ನಂಬಿ ಬಂದು ಒಂದೂ ಸತ್ತಿಲ್ಲ.”

ಹಿಂದಿನಿಂದ ಬೊನ್ತ್ಲೆಯ ದನಿ ಬಂತು. “ಕಡೇ ದಿನಗಳಲ್ಲಿ ಅಷ್ಟು ನೋವಿದ್ರೂ ನರಳಲಿಲ್ಲ ಅತ್ತಿಗೆ. ಕಂಬಳಿ ಅಂಚು ಕಚ್ಚಿಕೊಂಡು ಮಲಗಿರ್ತಿದ್ರು. ನಮ್ಮ ಮನೆ ಬೇಲಿಗೆ ಅಂಟಿಕೊಂಡೇ ಇದೆಯಲ್ಲ. ದನಿ ಗುರುತು ಹಿಡಿದು ಬಂದು ಕಾಯ್ತಾ ನಿಲ್ತಾನೆ, ಪಾಪ ಅಂತ.”

“ಯಾರು?”

ಬೊನ್ತ್ಲೆ ಗಲ್ಲದಿಂದಲೇ ತೋರಿಸಿದಳು. ತಂತಿಯ ಆಚೆ ಮುಳ್ಳುಮರದ ಕೆಳಗೆ ಒಂದು ಮುದಿ ಸಿಂಹ ಮಲಗಿತ್ತು. “ಇವರ ಕೈಯಲ್ಲಿ ಬೆಳೆದೋರಲ್ಲಿ ಉಳಿದಿರೋದು ಅವನೊಬ್ಬನೇ. ಕೇಸರ ಉದುರಿದೆ ಅಂತ ಹೊಡೆಯೋಕೆ ಯಾರೂ ಕೇಳ್ತಿಲ್ಲ.”

ಗುಂಡಿಯ ಬಳಿ ಪೆಟ್ಟಿಗೆ ಇಳಿಯಿತು. ಪಾದ್ರಿ ಪ್ರಾರ್ಥನೆ ಮುಗಿಸಿ ಕೆಬೋನೆಯ ಕಡೆ ನೋಡಿದರು. ಗಂಡಸರು ಸಲಿಕೆ ಹಿಡಿದು ನಿಂತಿದ್ದರು. ಅವಳು ಮುಂದೆ ಬಂದಾಗ ಹೆಂಗಸರು ಹೊಗಳಿಕೆಗೆ ದನಿಗೂಡಿಸಿ ನಾಲಿಗೆ ಹೊರಳಿಸಿ ಉಲಿಯಿಡಲು ಉಸಿರು ಎಳೆದುಕೊಂಡರು. ಪ್ರಾಯದಲ್ಲಿ ಅವಳು ಹೊಗಳಿಕೆ ಎತ್ತಿದರೆ ಹೊಳೆಯಾಚೆಯ ದನಗಾಹಿಗಳು ಟೋಪಿ ತೆಗೆದು ನಿಲ್ಲುತ್ತಿದ್ದರಂತೆ.

ಕೆಬೋನೆ ಬಾಯಿ ತೆರೆದಳು. ಅಪ್ಪನ ಕೊರಳೇ ಅವಳದೂ, ಓತ್ಸಿಲೆಯದೂ. ಗಾಳಿ ಇಲ್ಲಿಂದ ಬೇಲಿಯ ಕಡೆಗೆ ಬೀಸುತ್ತಿತ್ತು. ಅವಳು ಒಮ್ಮೆ ಮುಳ್ಳುಮರದ ಬುಡವನ್ನು ನೋಡಿದಳು. ತೆರೆದ ಬಾಯಿ ಮುಚ್ಚಿತು.

ಮೊಣಕಾಲೂರಿದಳು. ಆಮೇಲೆ, ಆ ವಯಸ್ಸಿನ ಹೆಂಗಸು, ಎಲ್ಲರೆದುರು ಅಗೆದ ಮಣ್ಣಿನ ಮೇಲೆ ಬೋರಲು ಮಲಗಿದಳು. ಮುಖವನ್ನು ಗುಂಡಿಯೊಳಕ್ಕೆ ಬಾಗಿಸಿ, ಎರಡು ಅಂಗೈಗಳನ್ನು ಬಾಯಿಯ ಸುತ್ತ ಮರೆಮಾಡಿ, ಪಿಸುಗುಟ್ಟತೊಡಗಿದಳು.

ಮಾತು ಯಾರಿಗೂ ಕೇಳಿಸಲಿಲ್ಲ. ಒಂದೊಂದು ಸಾಲಿಗೂ ಅವಳ ಬೆನ್ನು ಏರಿ ಇಳಿಯುವುದು ಮಾತ್ರ ಕಾಣುತ್ತಿತ್ತು. ಪಾದ್ರಿ ಟೋಪಿ ತೆಗೆದರು. ಪಿಟ್ಸೊ ಕಬ್ಬಿಣ ಸದ್ದಾಗದ ಹಾಗೆ ಸಲಿಕೆಯನ್ನು ಹುಲ್ಲಿನ ಮೇಲೆ ಮಲಗಿಸಿದ, ಉಳಿದವರೂ ಹಾಗೇ ಮಾಡಿದರು. ಉಲಿಯಲು ಸಿದ್ಧವಾಗಿದ್ದ ಹೆಂಗಸರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ಅಜ್ಜನ ಹೆಸರು, ಅವನ ಅಜ್ಜನ ಹೆಸರು, ಅವರೆಲ್ಲರ ಒಡೆಯನಾದ ಒಣಹುಲ್ಲಿನ ಬಣ್ಣದವನ ಹೆಸರು ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ಬೇಲಿಯಾಚೆ ಸಿಂಹ ಮಗ್ಗುಲಾಗಿ ಬಿದ್ದುಕೊಂಡು, ಹೊಟ್ಟೆಯನ್ನು ಎಳೆಬಿಸಿಲಿಗೆ ಒಡ್ಡಿ ನಿದ್ದೆ ಹೋಗಿತ್ತು. ಅದರ ಒಂದು ಕಿವಿಯೂ ನಿಮಿರಲಿಲ್ಲ.