ಮಾವನ ಕಂಠಪಾಠ

“ಬೇಜಾರು ಮಾಡ್ಕೋಬೇಡ ಕಣೇ, ನಾನು ಬರೋಕಾಗಲ್ಲ. ಮಗಳಿಗೆ ಹೆರಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಹೊರಟಿದ್ದೀನಿ.”

ಎದುರುಮನೆಯ ಟೈಲರಮ್ಮನ ಫೋನು ಬಂದಾಗ ಅವಳ ಒಂದು ಕೈ ಮಗಳ ಶೂ ಲೇಸಿನಲ್ಲಿತ್ತು. “ಅಯ್ಯೋ, ಮೊದಲು ಹೊರಡಿ ಅಕ್ಕಾ, ನನ್ನ ಚಿಂತೆ ಬಿಡಿ,” ಎಂದಳು. ಫೋನಿಟ್ಟ ಮೇಲೆ ಆ ಚಿಂತೆ ಪೂರ್ತಿಯಾಗಿ ಅವಳ ತಲೆಯ ಮೇಲೇ ಬಂದು ಕೂತಿತು.

ಹತ್ತೂವರೆಗೆ ಅವಳ ಕೊನೆಯ ಪರೀಕ್ಷೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಎಂಟು ವರ್ಷದಿಂದ ಅವಳ ಕೆಲಸ. ಬೇರೆಯವರು ಚೀಟಿಯಲ್ಲಿ ಬರೆದುಕೊಟ್ಟ ನಂಬರಿಗೆ ಗಾಜು ಉಜ್ಜಿದ್ದು ಸಾಕು, ತಾನೇ ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಯಬೇಕು ಎಂದು ಎರಡು ವರ್ಷದ ಕೋರ್ಸಿಗೆ ಸೇರಿದ್ದಳು. ಓದಿದ್ದೆಲ್ಲ ಬಸ್ಸಿನಲ್ಲಿ, ಒಲೆಯ ಮುಂದೆ, ಮಗಳ ಹೋಂವರ್ಕಿನ ಪಕ್ಕದಲ್ಲಿ. ಗಂಡ ಲಾರಿ ಓಡಿಸುವವನು. ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಪರೀಕ್ಷೆಗೆ ಕಣ್ಣು ತೋರಿಸಿಕೊಳ್ಳುವವರೊಬ್ಬರನ್ನು ತಾವೇ ಕರೆತರಬೇಕೆಂಬ ನಿಯಮವಿತ್ತು. ಟೈಲರಮ್ಮ ಖುಷಿಯಿಂದ ಒಪ್ಪಿಕೊಂಡಿದ್ದರು.

“ನನ್ನ ಕಣ್ಣು ಆಗಲ್ವೇನಮ್ಮ?” ಎಂದರು ಮಾವ, ಗೋಡೆ ಹಿಡಿದು ಹಜಾರಕ್ಕೆ ಬರುತ್ತಾ.

ಒಂದು ವರ್ಷದಿಂದ ಮಾವನಿಗೆ ಮರೆವು ಎಂದು ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟಿದ್ದರು. ನೀರನ್ನು ಲೋಟದ ಹೊರಗೆ ಸುರಿಯುತ್ತಿದ್ದರು, ಹಾಲಿನವನನ್ನು ಪೋಸ್ಟ್‌ಮ್ಯಾನ್ ಎಂದು ಮಾತಾಡಿಸುತ್ತಿದ್ದರು. ಅಚ್ಚಿನ ಮನೆಯಲ್ಲಿ ನಲವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿ, ಅಕ್ಷರಗಳನ್ನು ತಿರುಗುಮುರುಗಾಗಿಯೂ ಸರಾಗವಾಗಿ ಓದುತ್ತಿದ್ದ ಮನುಷ್ಯ ಈಗ ಪೇಪರನ್ನು ಮುಟ್ಟುತ್ತಿರಲಿಲ್ಲ. “ಅದರಲ್ಲೇನಿದೆ ಮಣ್ಣು,” ಎನ್ನುತ್ತಿದ್ದರು. ಪರೀಕ್ಷೆಯ ಮಧ್ಯೆ ಎದ್ದು ಹೊರಟುಬಿಟ್ಟರೆ?

ಬೇರೆ ದಾರಿಯಿರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು, ಅಂಗಡಿಯ ಯಜಮಾನರಿಗೆ ಫೋನು ಮಾಡಿದಳು. “ಎರಡು ಗಂಟೆ ಅಂದ್ರೆ ಎರಡು ಗಂಟೆಗೆ ಇಲ್ಲಿರಬೇಕು. ಹನ್ನೊಂದು ಕನ್ನಡಕ ಸಂಜೆಗೆ ಕೊಡೋದಿದೆ, ನನ್ನ ಮರ್ಯಾದೆ ತೆಗೀಬೇಡ,” ಎಂದರು ಅವರು. ಮಾವನ ಕೈ ಹಿಡಿದು ಬಸ್ಸು ಹತ್ತಿದಳು.

ಪರೀಕ್ಷೆಯ ಕೊಠಡಿ ಉದ್ದಕ್ಕೆ, ಕಿರಿದಾಗಿತ್ತು. ಒಂದು ತುದಿಗೆ ಕುರ್ಚಿ, ಇನ್ನೊಂದು ತುದಿಗೆ ಅಕ್ಷರದ ಹಲಗೆ. ದಪ್ಪ ಗಾಜಿನ ಕನ್ನಡಕದ ಪರೀಕ್ಷಕಿ ಮೇಜಿನ ಹಿಂದೆ ಕೂತಿದ್ದರು. ಅವಳು ಹೆಸರು ಬರೆದು ಸಹಿ ಹಾಕಿ ಬರುವಷ್ಟರಲ್ಲಿ ಮಾವ ಹಲಗೆಗೆ ಮೂಗು ತಾಗಿಸಿ ನಿಂತಿದ್ದರು. “ಮಾವ, ಇಲ್ಲಿ ಬನ್ನಿ, ಕೂತ್ಕೊಳ್ಳಿ,” ಎಂದು ಕರೆದುತಂದಳು.

“ಇಪ್ಪತ್ತು ನಿಮಿಷ,” ಎಂದರು ಪರೀಕ್ಷಕಿ.

ಮಾವನ ಎಡಗಣ್ಣು ಮುಚ್ಚಿದಳು. ಮಾವ ಬೆನ್ನು ನೆಟ್ಟಗೆ ಮಾಡಿ, ಮೇಲಿನ ಸಾಲಿನಿಂದ ಕೊನೆಯ ಇರುವೆಯಷ್ಟು ಸಾಲಿನವರೆಗೆ ಗಡಗಡನೆ ಓದಿದರು. ಒಂದಕ್ಷರ ತಪ್ಪಲಿಲ್ಲ. ಅವಳ ಎದೆಯಿಂದ ಕಲ್ಲೊಂದು ಇಳಿದಂತಾಯಿತು. ಟಾರ್ಚು ಹಿಡಿದು ಬಲಗಣ್ಣಿನ ಪಾಪೆಯೊಳಗೆ ಬೆಳಕು ಬಿಟ್ಟಳು. ಒಳಗಿನಿಂದ ಹೊಳೆಯಬೇಕಿದ್ದ ಕೆಂಪು ಕಾಣಲಿಲ್ಲ. ಮತ್ತೊಮ್ಮೆ ಬಿಟ್ಟಳು. ಮಂಜು ಕವಿದ ಕಿಟಕಿಯಂತೆ ಬರೀ ಬೂದು. ಈ ಕಣ್ಣಿಗೆ ಕೊನೆಯ ಸಾಲು ಕಾಣಲು ಸಾಧ್ಯವೇ ಇರಲಿಲ್ಲ.

ಗಡಿಯಾರ ನೋಡಿದಳು. ಇನ್ನು ಎಂಟು ನಿಮಿಷ. ಮಾವ ಓದಿದ್ದನ್ನೇ ಬರೆದುಕೊಂಡು ಮುಂದೆ ಹೋದರೆ ಎಲ್ಲ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದುಹೋಗಿ ಹಲಗೆಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಬೇರೆ ಅಕ್ಷರಗಳಿದ್ದವು.

“ಈಗ ಓದಿ ಮಾವ.”

ಕುರ್ಚಿಯ ಕೈ ಹಿಡಿದ ಮಾವನ ಬೆರಳುಗಳು ಬಿಗಿಯಾದವು. “ಇದ್ಯಾಕಮ್ಮ ತಿರುಗಿಸಿದೆ?” ಎಂದರು ಮೆಲ್ಲಗೆ.

“ಮೇಲಿನ ದೊಡ್ಡ ಅಕ್ಷರ ಕಾಣುತ್ತಾ?”

“ಹಲಗೆ ಇದೆ ಅಂತ ಗೊತ್ತು, ಅಷ್ಟೇ.”

“ಮತ್ತೆ ಆಗಲೇ ಹೇಗೆ ಓದಿದ್ರಿ?”

“ಹತ್ತಿರ ಹೋಗಿ ಎಡಗಣ್ಣಲ್ಲಿ ನೋಡಿ ಬಾಯಿಪಾಠ ಮಾಡ್ಕೊಂಡೆ. ಅಕ್ಷರ ನಂಗೇನು ಹೊಸದಾ? ನಾನು ತಪ್ಪು ಓದಿದ್ರೆ ನೀನು ಫೇಲಾಗಿಬಿಡ್ತೀಯಲ್ಲ ಅಂತ…”

ಪರೀಕ್ಷಕಿ ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಮಾವನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. “ಎಷ್ಟು ದಿನದಿಂದ ಹೀಗೆ? ಯಾಕೆ ಹೇಳಲಿಲ್ಲ?”

“ಯಾವಾಗ ಹೇಳ್ಲಿ? ಬೆಳಗ್ಗೆ ಎದ್ರೆ ಓಡ್ತೀಯ, ಬಂದ್ರೆ ಪುಸ್ತಕ. ಇದು ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ.”

ದಿನಕ್ಕೆ ಹತ್ತಾರು ಜನರ ಕಣ್ಣಿಗೆ ಗಾಜು ಉಜ್ಜುವವಳು ಮನೆಯಲ್ಲಿದ್ದ ಎರಡು ಕಣ್ಣುಗಳನ್ನು ನೋಡಿರಲಿಲ್ಲ. ಮರೆವು ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿದ್ದಳು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ಟಾರ್ಚು ಎತ್ತಿಕೊಂಡಳು. ಎಡಗಣ್ಣನ್ನೂ ನೋಡಿದಳು, ಅಲ್ಲೂ ಪೊರೆ ಅರ್ಧ ಕವಿದಿತ್ತು. ‘ಬಲಗಣ್ಣಿನಲ್ಲಿ ಬಲಿತ ಪೊರೆ. ಶಸ್ತ್ರಚಿಕಿತ್ಸೆಗೆ ಕಳಿಸಬೇಕು’ ಎಂದು ಬರೆಯುವಾಗ ಗಂಟೆ ಬಾರಿಸಿ ನಾಲ್ಕು ನಿಮಿಷವಾಗಿತ್ತು.

“ಹೊತ್ತು ಮೀರಿದ್ದಕ್ಕೆ ಅಂಕ ಕಳೀತೀನಿ, ಅದು ನಿಯಮ,” ಎಂದರು ಪರೀಕ್ಷಕಿ. ಆಮೇಲೆ ಹಾಳೆಯನ್ನು ನೋಡುತ್ತಲೇ, “ಹಲಗೆ ತಿರುಗಿಸಿದ್ದಕ್ಕೆ ಕೊಡೋಣ ಅಂದ್ರೆ ಇದರಲ್ಲಿ ಅದಕ್ಕೆ ಜಾಗವೇ ಇಲ್ಲ ನೋಡಿ. ಆದ್ರೂ ಪಾಸಾಗ್ತೀರಿ, ಹೋಗಿ. ಮೊದಲು ಅವರನ್ನ ಡಾಕ್ಟರಿಗೆ ತೋರಿಸಿ,” ಎಂದರು.

ಅಲ್ಲಿಂದ ನೇರವಾಗಿ ಕಣ್ಣಾಸ್ಪತ್ರೆಗೆ ಹೋಗಿ, ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಕೊಂಡು ಮಾವನೊಂದಿಗೆ ಅಂಗಡಿ ಮುಟ್ಟಿದಾಗ ಮೂರೂವರೆ. ಬೈಗುಳಕ್ಕೆ ಸಿದ್ಧಳಾಗಿಯೇ ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಯಜಮಾನರು ಅವಳ ಸ್ಟೂಲಿನ ಮೇಲೆ ಕೂತು ಗಾಜು ಉಜ್ಜುತ್ತಿದ್ದರು. ತಲೆಗೂದಲಿಗೆಲ್ಲ ಬಿಳಿ ಪುಡಿ ಹತ್ತಿತ್ತು.

“ದಿನವಿಡೀ ಹೇಗಮ್ಮ ಕೂರ್ತೀಯ ಇದರ ಮೇಲೆ? ನನ್ನ ಸೊಂಟ ನನ್ನದಾಗಿ ಉಳಿದಿಲ್ಲ,” ಎಂದರು. “ಆರು ಮುಗಿಸಿದ್ದೀನಿ, ಮಿಕ್ಕ ಐದು ನಿನ್ನವು. ಪರೀಕ್ಷೆ ಏನಾಯ್ತು?”

ಅವಳಿಗಿಂತ ಮೊದಲು ಮಾವ ಹೇಳಿದರು: “ನಾನು ಫೇಲು, ಅವಳು ಪಾಸು.”

ಬಲಗಣ್ಣಿನ ಪೊರೆ ತೆಗೆದು ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಅವಳಿಗೆ ಎಚ್ಚರವಾದಾಗ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಅಲಾರಂ ಯಾರೋ ಆರಿಸಿದ್ದರು. ಗಾಬರಿಯಿಂದ ಎದ್ದು ಕೂತಳು. ಅರೆ ತೆರೆದ ಬಾಗಿಲಿನಾಚೆ, ಹಜಾರದ ಕಿಟಕಿಯ ಬೆಳಕಿನಲ್ಲಿ, ಮಗಳು ಯೂನಿಫಾರಂ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದಳು. ಹಿಂದೆ ಕುರ್ಚಿಯಲ್ಲಿ ಮಾವ, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಚಣಿಗೆಯ ತುದಿಯಿಂದ ಮೊಮ್ಮಗಳ ಹಣೆಯಿಂದ ನೆತ್ತಿಯವರೆಗೆ ಬೈತಲೆ ತೆಗೆಯುತ್ತಿದ್ದರು.

“ಅಜ್ಜಾ, ನೆಟ್ಟಗಿದೆಯಾ?”

“ಶ್, ಅಮ್ಮ ಏಳ್ತಾಳೆ. ಅಲುಗಾಡಬೇಡ.”

ಅವಳು ಸದ್ದಾಗದಂತೆ ಮತ್ತೆ ದಿಂಬಿಗೆ ತಲೆಯಿಟ್ಟು ಹೊದಿಕೆ ಎಳೆದುಕೊಂಡಳು.